ಇಡ್ಲಿ ತಟ್ಟೆಯಲ್ಲಿ ಬೇಡವಾದದ್ದು ಪಾರ್ಸಲ್‌ನಲ್ಲೂ ಬೇಡ

2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ಹೋಟೆಲುಗಳ ಅಡುಗೆಮನೆಗೆ ಹೋಗಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಸಿ ನೋಡಿದರು. ತಪಾಸಣೆ ನಡೆದ ಸುಮಾರು 250 ಕಡೆಗಳ ಪೈಕಿ 50ಕ್ಕೂ ಹೆಚ್ಚು ಕಡೆ ಬಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ದೊಡ್ಡಬಳ್ಳಾಪುರದಲ್ಲಿ ಸಣ್ಣದೊಂದು ಟಿಫನ್ ರೂಮ್ ನಡೆಸುವ ನಾನು ಆ ಕ್ರಮವನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅದರಿಂದ ಅರ್ಧ ಕೆಲಸ ಮಾತ್ರ ಆಗಿದೆ.

ಹೋಟೆಲಿನವರು ಬಟ್ಟೆ ಬಿಟ್ಟದ್ದೇಕೆಂದು ನನಗೆ ಗೊತ್ತು. ಮಲ್ಲು ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಹಾಸಬೇಕು. ಬೆಂದ ಇಡ್ಲಿಯನ್ನು ಮಗುಚಿ, ನೀರು ಚಿಮುಕಿಸಿ, ಹರಿಯದಂತೆ ಬಿಡಿಸಬೇಕು. ವ್ಯಾಪಾರ ಮುಗಿದ ಮೇಲೆ ಅದೇ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಒಗೆದು, ಬಿಸಿಲಿಗೆ ಹರವಬೇಕು. ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಹೆಚ್ಚಿಗೆ ಬಟ್ಟೆ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಹಾಳೆಗೆ ಈ ಯಾವ ಕಷ್ಟವೂ ಇಲ್ಲ, ಇಡ್ಲಿ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆದರೆ ತೆಳು ಪಾಲಿಥಿನ್ ಕರಗುವುದೇ ಸುಮಾರು 110 ಡಿಗ್ರಿಗೆ, ಹಬೆಯ ಬಿಸಿ 100 ಡಿಗ್ರಿ. ಕರಗುವ ಅಂಚಿನಲ್ಲಿರುವ ಹಾಳೆಯ ಮೇಲೆ ಬೆಂದದ್ದನ್ನು ಮಕ್ಕಳ ಬಾಯಿಗೆ ಇಡುವುದು ಸರಿಯಲ್ಲ.

ತಟ್ಟೆಯಿಂದ ಪ್ಲಾಸ್ಟಿಕ್ ತೆಗೆಸಿದ್ದಾಯಿತು, ಪಾರ್ಸಲ್ ಕಟ್ಟುವ ಜಾಗದಲ್ಲಿ ಅದು ಹಾಗೆಯೇ ಇದೆ. ಬೆಳಿಗ್ಗೆ ಮಗ್ಗದ ಕೆಲಸಕ್ಕೆ ಹೋಗುವವರು, ಬಾಶೆಟ್ಟಿಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು, "ಅಕ್ಕಾ, ಬೇಗ ಕಟ್ಟಿ, ಬಸ್ ಹೋಗುತ್ತೆ" ಅನ್ನುತ್ತಾರೆ. ಕುದಿಯುತ್ತಿರುವ ಸಾಂಬಾರನ್ನು ತೆಳು ಕವರ್‌ಗೆ ಸುರಿದು ದಾರ ಸುತ್ತಿ ಕೊಡುವ ಅಂಗಡಿಗಳು ನಮ್ಮ ಜಿಲ್ಲೆಯ ಎಲ್ಲ ಊರಲ್ಲೂ ಇವೆ. ಹೊಸಕೋಟೆಯಲ್ಲಿ ಭಾನುವಾರ ಬೆಳಗಿನ ಜಾವ ಬಿರಿಯಾನಿಗೆ ಸಾಲು ನಿಲ್ಲುವವರೂ ಯೋಚಿಸಲಿ: ಹಂಡೆಯಿಂದ ಇಳಿದ, ತುಪ್ಪ ಎಣ್ಣೆ ಜಿನುಗುವ ಅನ್ನ ನೇರ ಕವರ್‌ಗೆ ಬಿದ್ದರೆ ಅದು ಇಡ್ಲಿ ಹಾಳೆಗಿಂತ ಹೇಗೆ ಬೇರೆ?

ನನ್ನ ಅಡುಗೆಮನೆಯ ನಿಯಮ ಒಂದೇ. ಬಿಸಿ, ಜಿಡ್ಡು, ಹುಳಿ ಈ ಮೂರೂ ಪ್ಲಾಸ್ಟಿಕ್‌ಗೆ ತಾಗಬಾರದು. ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಬಿಸಿಯಾದಷ್ಟೂ ಬೇಗ ಆಹಾರಕ್ಕೆ ಇಳಿಯುತ್ತವೆ. ಪಿವಿಸಿ ಹಾಳೆ ಮೆತ್ತಗಿರಲೆಂದು ಸೇರಿಸುವ ಥಾಲೇಟ್‌ನಂಥ ಪದಾರ್ಥಗಳಿಗೆ ಎಣ್ಣೆ, ಬೆಣ್ಣೆ, ಚೀಸ್ ಎಂದರೆ ಸಲೀಸು ದಾರಿ.

ಪಾತ್ರೆಯ ಬಾಯಿಗೆ ಅಂಟಿಸುವ ಪಾರದರ್ಶಕ ಹಾಳೆಯ ರೋಲ್‌ಗೂ, ಅಂದರೆ ಕ್ಲಿಂಗ್ ಫಿಲ್ಮ್‌ಗೂ, ಇದೇ ಮಾತು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಕರ್ನಾಟಕ ಸರ್ಕಾರ ಕೈಚೀಲ, ಲೋಟ, ತಟ್ಟೆಗಳ ಜೊತೆಗೆ ಇದನ್ನೂ ಹೆಸರಿಸಿ ನಿಷೇಧಿಸಿತ್ತು. ಆದರೂ ಅದು ಮನೆಗಳಿಗೆ ಬರುತ್ತಲೇ ಇದೆ. ಮನೆಯಲ್ಲಿ ರೋಲ್ ಉಳಿದಿದ್ದರೆ ಪೂರ್ತಿ ಆರಿದ ಪದಾರ್ಥಕ್ಕೆ ಮಾತ್ರ ಬಳಸಿ. ಪಾತ್ರೆಯನ್ನು ಅಂಚಿನ ತನಕ ತುಂಬಬೇಡಿ, ಹಾಳೆ ಊಟಕ್ಕೆ ತಾಗದೆ ಮೇಲೆ ನಿಲ್ಲಲಿ. ಅಂಚನ್ನು ಒಣಬಟ್ಟೆಯಲ್ಲಿ ಒರೆಸಿದರೆ ಚೆನ್ನಾಗಿ ಹಿಡಿಯುತ್ತದೆ. ಮೈಕ್ರೋವೇವ್‌ಗೆ ಇಡುವ ಮುನ್ನ ಹಾಳೆ ತೆಗೆದು ಪಿಂಗಾಣಿ ತಟ್ಟೆ ಮುಚ್ಚಿ. ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಪಲ್ಯ, ಬೆಣ್ಣೆಗೆ ಅದನ್ನು ಸುತ್ತಲೇಬೇಡಿ.

ನಿಜ ಹೇಳಬೇಕೆಂದರೆ ನಮ್ಮ ಮನೆಗಳಿಗೆ ಆ ರೋಲ್‌ನ ಅಗತ್ಯವೇ ಇಲ್ಲ. ಉಳಿದ ಹುಳಿಗೆ ತಟ್ಟೆ ಮುಚ್ಚಿದರಾಯಿತು. ಕಲಸಿದ ಚಪಾತಿ ಹಿಟ್ಟಿಗೆ ಒದ್ದೆ ಬಟ್ಟೆ ಸಾಕು. ತೂಬಗೆರೆ ಹಲಸಿನ ತೊಳೆಯನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕಿಟ್ಟರೆ ಫ್ರಿಜ್ ತುಂಬ ವಾಸನೆ ಹರಡುವುದಿಲ್ಲ. ಪೊಟ್ಟಣ ಕಟ್ಟಲು ಬಾಳೆಎಲೆ ಇದೆ. ಅದರ ಮೇಲೆ ನ್ಯೂಸ್ ಪೇಪರ್ ಬೇಡ. ಆಹಾರ ಸುತ್ತಲು ಮುದ್ರಿತ ಕಾಗದವನ್ನೂ ಮರುಬಳಕೆ ಪ್ಲಾಸ್ಟಿಕ್ ಚೀಲವನ್ನೂ ಬಳಸಬಾರದೆಂದು 2018ರ ಆಹಾರ ಪ್ಯಾಕಿಂಗ್ ನಿಯಮಗಳೇ ಹೇಳಿವೆ.

ಇದು ನಮ್ಮ ಆರೋಗ್ಯದ ಮಾತು ಮಾತ್ರವಲ್ಲ. ಬೆಂಗಳೂರಿನ ಕಸ ಲಾರಿಗಳಲ್ಲಿ ಬಂದು ಬಿದ್ದದ್ದು ನಮ್ಮ ತಾಲ್ಲೂಕಿನ ಚಿಗರೇನಹಳ್ಳಿ, ಗುಂಡ್ಲಹಳ್ಳಿ ಕಡೆಗೆ. ನೀರು ಕೆಟ್ಟಿತು, ನೊಣ ಹೆಚ್ಚಿತು ಎಂದು ಅಲ್ಲಿನ ಜನ ರಸ್ತೆಗಿಳಿದು ಹೋರಾಡಿದ್ದಾರೆ. ಸಾಂಬಾರಿನ ಜಿಡ್ಡು ಮೆತ್ತಿದ ಕವರನ್ನು ಯಾವ ಗುಜರಿಯವನೂ ಕೊಳ್ಳುವುದಿಲ್ಲ. ಅದು ಸೇರುವುದು ಆ ರಾಶಿಗೇ, ಇಲ್ಲವೇ ರಸ್ತೆ ಬದಿಯ ಬೆಂಕಿಗೆ.

ಆದ್ದರಿಂದ ಅಧಿಕಾರಿಗಳಲ್ಲಿ ನನ್ನ ಕೇಳಿಕೆ ಇಷ್ಟು. ಇಡ್ಲಿ ಪಾತ್ರೆ ತೆಗೆಸಿ ನೋಡಿದಂತೆಯೇ ಪಾರ್ಸಲ್ ಕಟ್ಟುವ ಜಾಗವನ್ನೂ ನೋಡಿ. ತಳ್ಳುಗಾಡಿಯವರಿಗೆ ದಂಡ ಹಾಕುವ ಮುನ್ನ ಕವರ್ ಮಾರುವ ಸಗಟು ಅಂಗಡಿಗೆ ಹೋಗಿ. ನನ್ನಂಥ ಹೋಟೆಲಿನವರು ಪಾತ್ರೆ ತಂದವರಿಗೆ ಮೊದಲು ಕಟ್ಟಿಕೊಡೋಣ. ನಮ್ಮಲ್ಲಿ ಅವರಿಗೆ ಒಂದು ಸೌಟು ಸಾಂಬಾರು ಹೆಚ್ಚು. ಗಿರಾಕಿಗಳು ಚೀಲದಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳಲಿ. ಕವರ್ ಕೇಳುವವರು ಕಡಿಮೆಯಾದರೆ ಅದನ್ನು ತರಿಸುವ ಅಂಗಡಿಯವರೂ ಕಡಿಮೆಯಾಗುತ್ತಾರೆ.