ಕಾಯ್ದಿರಿಸಿದ ಮೇಜು

ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಓದಿದ ನಮ್ಮಂಥವರು ಇಂಗ್ಲೆಂಡಿನ ನೆಲವನ್ನು ತುಳಿಯುವ ಮುಂಚೆಯೇ ಅಲ್ಲಿನ ಇನ್ನುಗಳಲ್ಲಿ ಉಂಡು ಕೈತೊಳೆದಿರುತ್ತೇವೆ. ಚಾಸರನ ಯಾತ್ರಿಕರು ಕ್ಯಾಂಟರ್ಬರಿಗೆ ಹೊರಡುವುದು ಸದರ್ಕ್‌ನ ಟ್ಯಾಬರ್ಡ್ ಇನ್ನಿನಿಂದ. ಕತೆ ಹೇಳುವ ಪಂದ್ಯದಲ್ಲಿ ಗೆದ್ದವನಿಗೆ ಉಳಿದವರೆಲ್ಲರ ಖರ್ಚಿನಲ್ಲಿ ಅದೇ ಇನ್ನಿನಲ್ಲಿ ಒಂದು ರಾತ್ರಿಯೂಟ. 1749ರಲ್ಲಿ ಫೀಲ್ಡಿಂಗ್ 'ಟಾಮ್ ಜೋನ್ಸ್' ಕಾದಂಬರಿಯನ್ನು ಆರಂಭಿಸುವಾಗ, ಲೇಖಕನು ತನ್ನನ್ನು ಔತಣವೀಯುವ ಶ್ರೀಮಂತನೆಂದಲ್ಲ, ಹಣ ಕೊಟ್ಟ ಯಾರಿಗೇ ಆದರೂ ಬಡಿಸುವ ಊಟದಮನೆಯ ಯಜಮಾನನೆಂದು ಭಾವಿಸಬೇಕು ಎನ್ನುತ್ತಾನೆ. ಈ 'ಯಾರಿಗೇ ಆದರೂ' ಎಂಬುದರಲ್ಲಿಯೇ ಇನ್ನಿನ ಪ್ರಾಣವಿದೆ. ಇಂದಿನ ಹಳ್ಳಿಗಾಡಿನ ಪಬ್ಬುಗಳ ಊಟದ ಬಗ್ಗೆ ನಮ್ಮ ತಕರಾರಿರುವುದೂ ಅಲ್ಲಿಯೇ.

ಇದು ಬರಿಯ ಕಾವ್ಯದ ಮಾತಲ್ಲ, ಕಾನೂನಿನ ಮಾತು. ಸ್ಥಳವಿದ್ದು, ಬಂದ ಪ್ರಯಾಣಿಕನು ಹಣ ತೆರಲು ಸಿದ್ಧನಿದ್ದರೆ, ತಕ್ಕ ಕಾರಣವಿಲ್ಲದೆ ಅವನಿಗೆ ಅನ್ನವನ್ನಾಗಲೀ ಆಶ್ರಯವನ್ನಾಗಲೀ ಇನ್ನಿನ ಯಜಮಾನ ನಿರಾಕರಿಸಕೂಡದೆಂಬುದು ಇಂಗ್ಲೆಂಡಿನ ಪುರಾತನ ಕಟ್ಟಳೆ. ವೆಸ್ಟ್ ಇಂಡೀಸಿನ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಅವರನ್ನು 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲು ಮೈಬಣ್ಣದ ಕಾರಣಕ್ಕೆ ಇರಗೊಡದಿದ್ದಾಗ, ಅವರು ನ್ಯಾಯಾಲಯಕ್ಕೆ ಹೋಗಿ ಮರುವರ್ಷ ಗೆದ್ದದ್ದು ಈ ಕಟ್ಟಳೆಯ ಬಲದಿಂದಲೇ. ದೊರೆತ ಪರಿಹಾರ ಐದು ಗಿನಿ ಮಾತ್ರ. ಆದರೆ ವರ್ಣಭೇದವನ್ನು ತಡೆಯುವ ಪ್ರತ್ಯೇಕ ಶಾಸನ ಬರಲು ಇನ್ನೂ ಎರಡು ದಶಕಗಳಿದ್ದ ಕಾಲವದು.

ಊಟದ ವಿಷಯದಲ್ಲಿ ನಾವು ಹಳಮೆಯ ಆರಾಧಕರಲ್ಲ. ಪಬ್ಬಿನ 'ಪ್ಲೌಮನ್ಸ್ ಲಂಚ್', ಎಂದರೆ ನೇಗಿಲಯೋಗಿಯ ಮಧ್ಯಾಹ್ನದೂಟ, ಅನಾದಿಯಿಂದ ಬಂದದ್ದೆಂದು ಹಲವರು ನಂಬಿದ್ದಾರೆ. ಉಳುವವನು ರೊಟ್ಟಿ, ಗಿಣ್ಣು, ಈರುಳ್ಳಿ ತಿಂದದ್ದು ನಿಜ; ಆದರೆ ಆ ಹೆಸರನ್ನು ಊರೂರಿಗೆ ಹಬ್ಬಿಸಿದ್ದು 1950–60ರ ದಶಕಗಳಲ್ಲಿ ಚೀಸ್ ಮಾರಾಟವನ್ನು ಹೆಚ್ಚಿಸಲು ಹೊರಟ ಪ್ರಚಾರಕರು. ಇರಲಿ. ಗೋಮಾಂಸದ ರೋಸ್ಟು, ಸ್ಟೇಕ್ ಪೈಗಳ ನಡುವೆ ದಿಕ್ಕೆಟ್ಟ ಸಸ್ಯಾಹಾರಿ ಕನ್ನಡಿಗನಿಗೆ ಎಷ್ಟೋ ಸಲ ಆ ತಟ್ಟೆಯೇ ಗತಿ. ಭಾನುವಾರದ ರೋಸ್ಟಿನ ಜೊತೆಗೆ ಬರುವ ಯಾರ್ಕ್‌ಷೈರ್ ಪುಡಿಂಗ್ ಕೂಡ ಬಡತನದ ಉಪಾಯವೇ: ಹಿಟ್ಟಿನ ಉಬ್ಬುರೊಟ್ಟಿಯನ್ನು ಗ್ರೇವಿಯೊಡನೆ ಮೊದಲು ಬಡಿಸಿದರೆ ಅರೆಹೊಟ್ಟೆ ತುಂಬುತ್ತದೆ, ಮಾಂಸ ಉಳಿಯುತ್ತದೆ. ಮುದ್ದೆಯ ನಾಡಿನವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಪಬ್ಬಿಗೆ ಅಡುಗೆಮನೆ ಬಂದದ್ದರ ಬಗ್ಗೆಯೂ ನಮ್ಮ ದೂರಿಲ್ಲ. ಜಾರ್ಜ್ ಆರ್ವೆಲ್ 1946ರಲ್ಲಿ ಬರೆದ 'ದಿ ಮೂನ್ ಅಂಡರ್ ವಾಟರ್' ಎಂಬ ಲೇಖನದ ಆದರ್ಶ ಪಬ್ಬಿನಲ್ಲಿ ರಾತ್ರಿಯೂಟ ಸಿಗುವುದಿಲ್ಲ. ಮಾಳಿಗೆಯ ಮೇಲೆ ಮಧ್ಯಾಹ್ನದೂಟವುಂಟು, ಕೆಳಗೆ ಒಂದಿಷ್ಟು ಕುರುಕಲು. ಊಟ ಅಲ್ಲಿ ಮಾತಿನ ಅತಿಥಿ. (ಅಂಥ ಪಬ್ಬೇ ಇಲ್ಲವೆಂದು ಕೊನೆಯಲ್ಲಿ ಅವನೇ ಹೇಳಿಬಿಡುತ್ತಾನೆ.) ಮುಂದೆ 1967ರಲ್ಲಿ ಚಾಲಕರ ಉಸಿರು ಪರೀಕ್ಷಿಸುವ ಕಾಯಿದೆ ಬಂದಿತು. ಕಾರಿಲ್ಲದೆ ತಲುಪಲಾಗದ ಹಳ್ಳಿಯ ಪಬ್ಬು ಬರಿಯ ಬಿಯರನ್ನು ನೆಚ್ಚಿ ಬದುಕುವುದು ಕಷ್ಟವಾಯಿತು. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರು ಬಂದಿತು, 2007ರಲ್ಲಿ ಧೂಮಪಾನ ನಿಷೇಧವೂ ಬಂದಿತು. ಒಲೆ ಹಚ್ಚದೆ ಉಳಿಯುವ ದಾರಿ ಅನೇಕರಿಗೆ ಇರಲಿಲ್ಲ.

ಆದರೆ ಒಲೆ ಹಚ್ಚುವುದು ಬೇರೆ, ಬಾಗಿಲಲ್ಲಿ ಪಟ್ಟಿ ಹಿಡಿದು ನಿಲ್ಲುವುದು ಬೇರೆ. 1991ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನ 'ಈಗಲ್' ಪಬ್ಬು ಒಳ್ಳೆಯ ಅಡುಗೆಯನ್ನು ಕರಿಹಲಗೆಯ ಮೇಲೆ ಬರೆದು ಬಡಿಸತೊಡಗಿದಾಗ 'ಗ್ಯಾಸ್ಟ್ರೊಪಬ್' ಎಂಬ ಪದ ಹುಟ್ಟಿತು. ಹತ್ತು ವರ್ಷಗಳಲ್ಲಿ ಹೆರೆಫರ್ಡ್‌ಷೈರಿನ ಟಿಟ್ಲಿ ಹಳ್ಳಿಯ 'ಸ್ಟ್ಯಾಗ್ ಇನ್' ಮಿಶೆಲಿನ್ ನಕ್ಷತ್ರ ಪಡೆದ ಮೊದಲ ಪಬ್ಬಾಯಿತು. ಮಾರ್ಲೋದ 'ಹ್ಯಾಂಡ್ ಅಂಡ್ ಫ್ಲವರ್ಸ್' ಮುಂದೆ ಎರಡು ನಕ್ಷತ್ರಗಳನ್ನು ಗಳಿಸಿತು. ಅಡುಗೆಯವರ ಪ್ರತಿಭೆಗೆ ನಮ್ಮ ನಮಸ್ಕಾರ. ನಕ್ಷತ್ರವಿಲ್ಲದವರೂ ಅದೇ ಠೀವಿಯನ್ನು ಅನುಕರಿಸಿದಾಗ ಅನರ್ಥ ಶುರುವಾಗುತ್ತದೆ. ಅಗ್ಗಿಷ್ಟಿಕೆಯ ಪಕ್ಕದ ಮೇಜಿನ ಮೇಲೆ ವೈನ್ ಲೋಟಗಳು, ನಡುವೆ 'ಕಾಯ್ದಿರಿಸಲಾಗಿದೆ' ಎಂಬ ಚೀಟಿ. ಕೆಸರು ಬೂಟಿನಲ್ಲಿ, ನಾಯಿಯೊಡನೆ ಹೊಲ ದಾಟಿ ಬಂದವನಿಗೆ ಬೇಕಾದದ್ದು ಅರ್ಧ ಪೈಂಟು ಮತ್ತು ಒಂದು ತಟ್ಟೆ ಚಿಪ್ಸು. ಅವನಿಗೆ ಎದುರಾಗುವುದು, ಮುಂಗಡ ತಿಳಿಸಿದ್ದೀರಾ ಎಂಬ ಪ್ರಶ್ನೆ. ಊರಿನ ಮುದುಕ ಮೊದಲು ಕೌಂಟರಿನ ತುದಿಯ ಸ್ಟೂಲಿಗೆ, ಆಮೇಲೆ ತನ್ನ ಮನೆಗೆ ಸರಿಯುತ್ತಾನೆ. ಅಂಚೆಕಚೇರಿ, ಅಂಗಡಿ ಮುಚ್ಚಿದ ಹಳ್ಳಿಯಲ್ಲಿ ಅವನಿಗೆ ಇದ್ದ ಕೊನೆಯ ಜಗಲಿ ಅದು. ಇಂಥ ಜಾಗ ರೆಸ್ಟೋರೆಂಟು. ಹೊರಗೆ ತೂಗುವ ಕೆಂಪು ಸಿಂಹದ ಫಲಕವನ್ನು ಅದು ಇಳಿಸಿಬಿಡುವುದು ಪ್ರಾಮಾಣಿಕತೆ.

ಹಳೆಯ ಪಬ್ಬು ಸಮಾನತೆಯ ಮಠವೇನೂ ಆಗಿರಲಿಲ್ಲ. ಕೂಲಿಯವನಿಗೆ ಪಬ್ಲಿಕ್ ಬಾರ್, ಸಭ್ಯನಿಗೆ ದುಬಾರಿ ದರದ ಸಲೂನ್ ಬಾರ್, ನಡುವೆ ಗೋಡೆ. ನಮ್ಮ ಹೋಟೆಲುಗಳಲ್ಲಿ ಒಂದು ಕಾಲಕ್ಕೆ 'ಬ್ರಾಹ್ಮಣರಿಗೆ ಮಾತ್ರ' ಎಂಬ ಕೋಣೆಯಿದ್ದಂತೆಯೇ. ಆ ಗೋಡೆಗಳನ್ನು ಅಲ್ಲಿ ಬಹುಮಟ್ಟಿಗೆ ಕೆಡವಿದರು. ಕೆಡವಿದ ಜಾಗದಲ್ಲಿ ಚೀಟಿ ಬಂದು ಕುಳಿತಿರುವುದೇ ನಮಗೆ ವ್ಯಥೆ.

ಕಂಬ್ರಿಯದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು 2003ರಲ್ಲಿ ಸಹಕಾರಿ ಸಂಘ ಕಟ್ಟಿ 'ಓಲ್ಡ್ ಕ್ರೌನ್' ಪಬ್ಬನ್ನು ತಾವೇ ಕೊಂಡರು. 2011ರ ಸ್ಥಳೀಯತಾ ಕಾಯಿದೆಯ ಪ್ರಕಾರ, ಸಮುದಾಯದ ಆಸ್ತಿಯೆಂದು ಪಟ್ಟಿಗೆ ಸೇರಿದ ಪಬ್ಬು ಮಾರಾಟಕ್ಕೆ ಬಂದರೆ ಹಣ ಕೂಡಿಸಲು ಊರವರು ಆರು ತಿಂಗಳ ಗಡುವು ಪಡೆಯಬಹುದು. ಸರಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಇದು ಮೆಚ್ಚತಕ್ಕ ಶಾಸನವೆನಿಸುತ್ತದೆ. ಆದರೆ ಯಾವ ಮೇಜಿನಲ್ಲಿ ಯಾರು ಕೂರಬೇಕೆಂಬುದನ್ನು ಅದು ಹೇಳಲಾರದು. ಅದನ್ನು ಯಜಮಾನನೇ ನಿರ್ಧರಿಸಬೇಕು. ಊಟದ ಕೋಣೆಗೆ ಮಾತ್ರ ಮುಂಗಡ, ಬಾರಿನ ಕೋಣೆ ಬಂದವರಿಗೆಲ್ಲ ಎಂಬ ಪದ್ಧತಿಯನ್ನು ಉಳಿಸಿಕೊಂಡ ಪಬ್ಬುಗಳು ಇನ್ನೂ ಇವೆ. ಮಕ್ಕಳನ್ನು ನೋಡಲು ಅತ್ತ ಹೋಗುವ ನಮ್ಮ ಓದುಗರು ಅಂಥವನ್ನೇ ಹುಡುಕಲಿ, ಕೌಂಟರಿಗೆ ತಾವೇ ನಡೆದು ಹೇಳಿ ತರಿಸಿಕೊಳ್ಳಲಿ. ಮಧ್ಯಾಹ್ನ ಎರಡರ ಒಳಗೆ ಹೋಗುವುದು ಲೇಸು. ಮೂರು ಗಂಟೆಗೆ ಉಣ್ಣುವ ನಮ್ಮವರಿಗಾಗಿ ಅಲ್ಲಿನ ಅಡುಗೆಮನೆ ಕಾಯುವುದಿಲ್ಲ.