ಪ್ಯಾನೆಲ್ ಇದ್ದರೆ ಸಾಕೇ? 2002 ನೆನಪಿಸಿಕೊಳ್ಳಿ

ಲೋಕಸಭೆಗೆ ಡೆಪ್ಯುಟಿ ಸ್ಪೀಕರ್ ಬೇಕು, ಅದೂ ವಿರೋಧ ಪಕ್ಷದವರೇ ಆಗಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ‘ಸದನ ನಡೀತಿದೆಯಲ್ಲ, ಸ್ಪೀಕರ್ ಎದ್ದುಹೋದಾಗ ಕೂರೋಕೆ ಪ್ಯಾನೆಲ್ ಇದೆಯಲ್ಲ, ಸಂವಿಧಾನದಲ್ಲಿ ಗಡುವೂ ಇಲ್ಲವಲ್ಲ’ ಎಂಬ ವಾದ ಟಿ.ವಿ. ವಕ್ತಾರರ ಬಾಯಿಂದ ಈಗ ಅಂಕಣಗಳಿಗೂ ಇಳಿದಿದೆ. 17ನೇ ಲೋಕಸಭೆ ಐದು ವರ್ಷವನ್ನೂ ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ಮುಗಿಸಿತು. 18ನೆಯದೂ ಅದೇ ಜಾಡು ಹಿಡಿಯಿತು. ಅದಕ್ಕೂ ಮೊದಲಿನ ಅತಿ ದೀರ್ಘ ವಿಳಂಬ 12ನೇ ಲೋಕಸಭೆಯದು, 269 ದಿನ. ಈಗ ದಿನಗಳ ಲೆಕ್ಕ ಇಡುವವರೂ ಇಲ್ಲ.

ಪ್ಯಾನೆಲ್ ಸಾಕು ಎನ್ನುವವರು ಪಕ್ಕದ ಸದನವನ್ನಾದರೂ ನೋಡಬೇಕಿತ್ತು. 2025ರ ಜುಲೈ 21ರ ರಾತ್ರಿ ಜಗದೀಪ್ ಧನಕರ್ ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮುಂಗಾರು ಅಧಿವೇಶನ ಆರಂಭವಾಗಿದ್ದೇ ಅವತ್ತು. ಮರುದಿನ ರಾಜ್ಯಸಭೆಯಲ್ಲಿ ಗೊಂದಲವಾಗಲಿಲ್ಲ, ಉಪಸಭಾಪತಿ ಹರಿವಂಶ್ ಪೀಠಕ್ಕೆ ಬಂದರು. ಸಿ.ಪಿ. ರಾಧಾಕೃಷ್ಣನ್ ಸೆಪ್ಟೆಂಬರ್‌ನಲ್ಲಿ ಅಧಿಕಾರ ಸ್ವೀಕರಿಸುವ ಹೊತ್ತಿಗೆ ಆ ಅಧಿವೇಶನವೇ ಮುಗಿದುಹೋಗಿತ್ತು. ಇದೇ ಧನಕರ್ ವಿರುದ್ಧ 2024ರ ಡಿಸೆಂಬರ್‌ನಲ್ಲಿ ವಿರೋಧ ಪಕ್ಷಗಳು ಕೊಟ್ಟ ಪದಚ್ಯುತಿ ನೋಟಿಸನ್ನು ತಿರಸ್ಕರಿಸಿದ್ದೂ ಹರಿವಂಶ್ ಅವರೇ. ಆ ತೀರ್ಮಾನ ಸರಿಯೋ ತಪ್ಪೋ ಬೇರೆ ಮಾತು. ತೀರ್ಮಾನ ಕೈಗೊಳ್ಳಲು ಸದನವೇ ಆರಿಸಿದ ಒಬ್ಬರು ಅಲ್ಲಿದ್ದರು.

ಇದೇ ಪರಿಸ್ಥಿತಿ ಲೋಕಸಭೆಯಲ್ಲಿ ಬಂದರೆ? ಸ್ಪೀಕರ್ ತಮ್ಮ ರಾಜೀನಾಮೆಯನ್ನು ಡೆಪ್ಯುಟಿ ಸ್ಪೀಕರ್ ಹೆಸರಿಗೆ ಬರೆಯಬೇಕು ಎನ್ನುತ್ತದೆ 94ನೇ ವಿಧಿ. ಆ ಪತ್ರ ತೆಗೆದುಕೊಳ್ಳುವವರೇ ಇಲ್ಲ. ಇನ್ನು ಪ್ಯಾನೆಲ್. ಅದರ ಸದಸ್ಯರನ್ನು ನೇಮಿಸುವುದು ಸ್ಪೀಕರ್. ಸ್ಪೀಕರ್ ಸದನದಲ್ಲಿ ಇಲ್ಲದ ಹೊತ್ತು ಕಲಾಪ ನಡೆಸಿಕೊಡುವುದಷ್ಟೇ ಅವರ ಕೆಲಸ. ಎರಡೂ ಸ್ಥಾನ ಖಾಲಿಯಾದರೆ ಪ್ಯಾನೆಲ್ ಲೆಕ್ಕಕ್ಕೇ ಬರುವುದಿಲ್ಲ. ಆಗ 95ನೇ ವಿಧಿಯಂತೆ ಸದಸ್ಯರೊಬ್ಬರನ್ನು ರಾಷ್ಟ್ರಪತಿ ನೇಮಿಸಬೇಕು. ರಾಷ್ಟ್ರಪತಿ ಯಾರ ಸಲಹೆಯಂತೆ ನಡೆಯುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕೇ? ಸದನಕ್ಕೆ ಉತ್ತರ ಕೊಡಬೇಕಾದ ಸರ್ಕಾರವೇ ಸದನದ ಪೀಠದಲ್ಲಿ ಯಾರು ಕೂರಬೇಕೆಂದು ಹೇಳುತ್ತದೆ.

ಇದು ಬರೀ ಕಲ್ಪನೆ ಎನ್ನುವವರಿಗೆ 2002 ಮರೆತುಹೋಗಿದೆ. ಆ ವರ್ಷದ ಮಾರ್ಚ್ 3ರಂದು ಸ್ಪೀಕರ್ ಬಾಲಯೋಗಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಬಜೆಟ್ ಅಧಿವೇಶನದ ನಡುವೆ, ಗುಜರಾತ್ ಹೊತ್ತಿ ಉರಿಯುತ್ತಿದ್ದಾಗ. ಮನೋಹರ ಜೋಶಿ ಸ್ಪೀಕರ್ ಆಗಿದ್ದು ಮೇ 10ಕ್ಕೆ. ನಡುವಿನ ಎರಡು ತಿಂಗಳು ಹೊಣೆ ಹೊತ್ತವರು ಡೆಪ್ಯುಟಿ ಸ್ಪೀಕರ್ ಪಿ.ಎಂ. ಸಯೀದ್, ಲಕ್ಷದ್ವೀಪದ ಕಾಂಗ್ರೆಸ್ ಸಂಸದ. ಗುಜರಾತ್ ಬಗ್ಗೆ ಮತಕ್ಕೆ ಹಾಕಬಹುದಾದ ಚರ್ಚೆಯೇ ಬೇಕೆಂದು ವಿರೋಧ ಪಕ್ಷಗಳು ಪಟ್ಟು ಹಿಡಿದಿದ್ದವು. ಏಪ್ರಿಲ್ 30ರಂದು ನಿಯಮ 184ರಡಿ ಚರ್ಚೆ ನಡೆಯಿತು, ರಾತ್ರಿಯೆಲ್ಲ ಎಳೆಯಿತು, ಮತಕ್ಕೂ ಬಿತ್ತು. ನಿರ್ಣಯದ ಪರ 182, ವಿರುದ್ಧ 276. ವಾಜಪೇಯಿ ಸರ್ಕಾರಕ್ಕೆ ಏನೂ ಆಗಲಿಲ್ಲ. ಅವತ್ತು ಪೀಠ ಸರ್ಕಾರ ನೇಮಿಸಿದವರ ಕೈಯಲ್ಲಿದ್ದಿದ್ದರೆ ಆ ಚರ್ಚೆ ಯಾವ ನಿಯಮದಡಿ ನಡೆಯುತ್ತಿತ್ತು, ನಡೆಯುತ್ತಿತ್ತೇ ಎಂದು ಕೇಳಿನೋಡಿ.

ವಿರೋಧ ಪಕ್ಷಕ್ಕೇ ಏಕೆ ಕೊಡಬೇಕು ಎಂಬ ಪ್ರಶ್ನೆಗೆ ತುಮಕೂರಿನವರು ಉತ್ತರಿಸಬಲ್ಲರು. 1991ರಲ್ಲಿ ಬಹುಮತವೂ ಇಲ್ಲದ ನರಸಿಂಹ ರಾವ್ ಸರ್ಕಾರವಿದ್ದಾಗ ಡೆಪ್ಯುಟಿ ಸ್ಪೀಕರ್ ಆದವರು ತುಮಕೂರಿನ ಬಿಜೆಪಿ ಸಂಸದ ಎಸ್. ಮಲ್ಲಿಕಾರ್ಜುನಯ್ಯ. ಮರುವರ್ಷ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಬಿತ್ತು. ಬಿಜೆಪಿ ಆಡಳಿತದ ನಾಲ್ಕು ರಾಜ್ಯಗಳಿಗೂ ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೂ ಪಕ್ಷಗಳು ಮುಖ ನೋಡಲಾರದ ಆ ದಿನಗಳಲ್ಲೂ ಮಲ್ಲಿಕಾರ್ಜುನಯ್ಯ ಕುರ್ಚಿ ಬಿಡಬೇಕಾಗಿ ಬರಲಿಲ್ಲ, 1996ರವರೆಗೂ ಮುಂದುವರಿದರು. ಆ ಔದಾರ್ಯದ ಫಲ ಉಂಡ ಪಕ್ಷವೇ ಈಗ ಕೊಡುವ ಜಾಗದಲ್ಲಿದೆ. 2009ರಲ್ಲೂ ಯುಪಿಎ ಬಿಜೆಪಿಯ ಕರಿಯಾ ಮುಂಡಾ ಅವರನ್ನು ಆ ಸ್ಥಾನಕ್ಕೆ ಒಪ್ಪಿತ್ತು.

ಹಾಗೆಂದು ಕಾಂಗ್ರೆಸ್ ಬೀಗುವಂತಿಲ್ಲ. ಮೊದಲ ದಶಕಗಳಲ್ಲಿ ಅದೂ ತನ್ನವರನ್ನೇ ಕೂರಿಸಿತ್ತು. ರಾಜ್ಯಸಭೆಯ ಮೊದಲ ಉಪಸಭಾಪತಿಯಾಗಿ, ಆಮೇಲೆ ಶಿವಮೊಗ್ಗದಿಂದ ಗೆದ್ದು ಲೋಕಸಭೆಯ ಡೆಪ್ಯುಟಿ ಸ್ಪೀಕರ್ ಆದ ನಮ್ಮ ಎಸ್.ವಿ. ಕೃಷ್ಣಮೂರ್ತಿ ರಾವ್ ಕಾಂಗ್ರೆಸ್ಸಿಗರೇ. 2023ರಲ್ಲಿ ಈ ಖಾಲಿ ಸ್ಥಾನದ ಬಗ್ಗೆ ಸುಪ್ರೀಂ ಕೋರ್ಟ್ ಕೇಂದ್ರದ ಜೊತೆ, ವಿಧಾನಸಭೆಯಲ್ಲಿ ಇದೇ ಸ್ಥಾನ ಖಾಲಿ ಬಿಟ್ಟಿದ್ದ ಐದು ರಾಜ್ಯಗಳಿಗೂ ನೋಟಿಸ್ ಕೊಟ್ಟಿತಲ್ಲ, ಅದರಲ್ಲಿ ಅಂದು ಕಾಂಗ್ರೆಸ್ ಆಳುತ್ತಿದ್ದ ರಾಜಸ್ಥಾನವೂ ಇತ್ತು, ಅದೇ ಪಕ್ಷ ಅಧಿಕಾರದಲ್ಲಿ ಪಾಲುದಾರನಾಗಿದ್ದ ಜಾರ್ಖಂಡೂ ಇತ್ತು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಎಣಿಸುವುದು ಎಲ್ಲ ಪಕ್ಷಗಳ ಚಾಳಿ.

ಬೀಗ ಇರುವುದು ಲೋಕಸಭೆಯ 8ನೇ ನಿಯಮದಲ್ಲಿ. ಸ್ಪೀಕರ್ ಚುನಾವಣೆಯ ದಿನವನ್ನು ರಾಷ್ಟ್ರಪತಿ ಗೊತ್ತುಮಾಡುತ್ತಾರೆ, ಡೆಪ್ಯುಟಿ ಸ್ಪೀಕರ್ ಚುನಾವಣೆಯ ದಿನವನ್ನು ಸ್ಪೀಕರ್. ಅವರು ದಿನ ಗೊತ್ತುಮಾಡದಿದ್ದರೆ ಮುಗಿಯಿತು, ಕೇಳುವವರಿಲ್ಲ. ಸ್ಪೀಕರ್ ಆಯ್ಕೆಯಾದ 60 ದಿನದೊಳಗೆ ಚುನಾವಣೆ ನಡೆಯಲೇಬೇಕು ಎಂದು ಒಂದು ಸಾಲು ಸೇರಿಸಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ಮೂರನೇ ಎರಡು ಬಹುಮತವೂ ಬೇಕಿಲ್ಲ. ಸದನದ ನಿಯಮಾವಳಿ ಸಮಿತಿ ಶಿಫಾರಸು ಮಾಡಿ, ಸದನ ಒಪ್ಪಿದರೆ ಸಾಕು. ಆ ಸಮಿತಿಗೆ ಅಧ್ಯಕ್ಷರು ಸ್ಪೀಕರ್ ಅವರೇ.