ಶಿಖರಜಿಗೆ ಯಾವ ಕ್ಯಾಮೆರಾ?

ಸಮ್ಮೇದ ಶಿಖರಜಿ ವಂದನೆಗೆ ಹೊರಟ ಬಂಧುಗಳಿಗೆ ನಾವು ಹೇಳುವುದಿಷ್ಟೆ. ಹತ್ತಲು 9, ಟೋಂಕ್‌ಗಳ ಸುತ್ತು 9, ಇಳಿಯಲು 9. ಒಟ್ಟು 27 ಕಿ.ಮೀ. ನಡಿಗೆ. ದೊಡ್ಡ ಕ್ಯಾಮೆರಾ ಬೇಡವೇ ಬೇಡ. ಜೇಬಿಗೆ ಹಿಡಿಯುವ, 300 ಗ್ರಾಂ ಆಸುಪಾಸಿನ ಡಿಜಿಟಲ್ ಕ್ಯಾಮೆರಾ ಸಾಕು. (ಮೊಬೈಲ್ ಇದೆಯಲ್ಲ ಎನ್ನುವಿರಿ, ಅದರ ಬ್ಯಾಟರಿ ಮನೆಗೆ ಫೋನು ಮಾಡಲು ಉಳಿಯಲಿ.) ನಸುಕಿನ ಮಂದ ಬೆಳಕಿಗೆ ಎಫ್ 1.8ರಂಥ ಲೆನ್ಸು, ದೂರದ ಪಾರ್ಶ್ವನಾಥ ಟೋಂಕ್‌ಗೆ ಆಪ್ಟಿಕಲ್ ಜೂಮ್ ಇರಬೇಕು. ಡಿಜಿಟಲ್ ಜೂಮ್ ಎಂದರೆ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ಅದಕ್ಕೆ ದುಡ್ಡು ಕೊಡಬೇಡಿ. ಇನ್ನೊಂದು ಮಾತು. ಫಿಲ್ಮ್ ರೋಲಿನ ಲೇಪದಲ್ಲಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಡಿಜಿಟಲ್‌ನಲ್ಲಿ ಫಿಲ್ಮೇ ಇಲ್ಲ, ಆ ಹಿಂಸೆಯ ಪಾಲು ತಪ್ಪಿತು. ಆದರೆ ಅಂಗಡಿಯವರು ಜೊತೆಗೆ ಕೊಡುವ ಚೀಲ ಚರ್ಮದ್ದಾಗಿದ್ದರೆ ಅಲ್ಲೇ ಬಿಟ್ಟು, ಬಟ್ಟೆಯದು ಕೇಳಿರಿ.